ಮೈಲುತುತ್ತಿಗೆ ಸುಣ್ಣ ಯಾಕೆ? ಜಗಲಿಯಲ್ಲಿ ಕೂತು ಕಾಲೇಜು ಪಾಠ ಕೇಳುವ ಬಗೆ

ಒಂದು ಕಿಲೋ ಮೈಲುತುತ್ತು (ಅಂದರೆ ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಶುರುವಾಗುವ ಹೊತ್ತಿಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಈ ಲೆಕ್ಕ ಮಕ್ಕಳಿಗೂ ಗೊತ್ತು. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ. ಮೂವತ್ತು ವರ್ಷ ನಾನೂ ಇದನ್ನು ಕಲಸಿದ್ದೇನೆ. ಮೈಲುತುತ್ತಿಗೆ ಸುಣ್ಣ ಯಾಕೆ ಸೇರಿಸಬೇಕು ಎಂದು ಮಾತ್ರ ಗೊತ್ತಿರಲಿಲ್ಲ. ಅಪ್ಪ ಸೇರಿಸುತ್ತಿದ್ದರು, ನಾನೂ ಸೇರಿಸಿದೆ. ಕಾಸರಗೋಡಿನಲ್ಲೇ ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ, ಅಲ್ಲಿ ಹೋಗಿ ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದರು. ಕೇಳಲಿಲ್ಲ. ಸಂಕೋಚ, ಮತ್ತೇನು!

ಉತ್ತರ ಸಿಕ್ಕಿದ್ದು ನಮ್ಮ ಮನೆಯ ಜಗಲಿಯಲ್ಲಿ, ಫೋನಿನಲ್ಲಿ, ಅಮೆರಿಕದ ಒಂದು ಕಾಲೇಜಿನ ಪಾಠ ಕೇಳುತ್ತಾ. ಒಂದು ರೂಪಾಯಿ ಫೀಸು ಕೊಟ್ಟಿಲ್ಲ. "ಈ ಪ್ರಾಯಲ್ಲಿ ಇದೆಲ್ಲ ಎಂತಕೆ ಭಾವ?" ಎಂದು ಕೇಳಿದವರಿದ್ದಾರೆ. ಸುಮ್ನೆ, ಖುಷಿಗೆ. ನಿಮಗೂ ಅಂಥ ಖುಷಿ ಬೇಕಿದ್ದರೆ ಹೇಗೆ ಶುರು ಮಾಡುವುದು ಅಂತ ಹೇಳುತ್ತೇನೆ.

ಪ್ರಶ್ನೆ ಮೊದಲು, ಕೋರ್ಸು ಆಮೇಲೆ

ನಾನು ಮೊದಲು ಮಾಡಿದ್ದು ಇದರ ಉಲ್ಟಾ. ಎಲ್ಲವೂ ಪುಕ್ಕಟೆ ಎಂದು ತಿಳಿದ ದಿನ ರಾತ್ರಿ ಕೂತು ಏಳು ಕೋರ್ಸಿಗೆ ಹೆಸರು ಬರೆಸಿದೆ. ಖಗೋಳಶಾಸ್ತ್ರ, ಮನಃಶಾಸ್ತ್ರ, ರೋಮ್ ಇತಿಹಾಸ, ಇನ್ನೂ ಏನೇನೋ. ಮದುವೆ ಊಟದ ಎಲೆಗೆ ಎಲ್ಲವನ್ನೂ ಬಡಿಸಿಕೊಂಡ ಹಾಗೆ. ಒಂದೂ ಮುಗಿಯಲಿಲ್ಲ. ಎರಡು ತಿಂಗಳು ಇಮೇಲಿನಲ್ಲಿ "ನಿಮ್ಮ ಪಾಠ ಬಾಕಿ ಇದೆ" ಎಂಬ ನೆನಪೋಲೆಗಳು ಮಾತ್ರ ಬಂದವು.

ಹಾಗಾಗಿ ಮೊದಲು ಒಂದು ಚೀಟಿಯಲ್ಲಿ ನಿಮ್ಮದೇ ಪ್ರಶ್ನೆ ಬರೆಯಿರಿ. ಬಾವಿ ನೀರು ಮಾರ್ಚ್‌ನಲ್ಲೇ ಯಾಕೆ ಇಳಿಯುತ್ತದೆ? ತುಳು, ಮಲಯಾಳಂ, ಕನ್ನಡಗಳಲ್ಲಿ ಕೆಲವು ಶಬ್ದ ಒಂದೇ ಥರ ಯಾಕಿವೆ? ಮೊದಲನೆಯದಕ್ಕೆ ಅಂತರ್ಜಲದ ಕೋರ್ಸು, ಎರಡನೆಯದಕ್ಕೆ ಭಾಷಾಶಾಸ್ತ್ರದ ಕೋರ್ಸು. ಪ್ರಶ್ನೆ ನಿಮ್ಮ ಹಿತ್ತಿಲಿನದ್ದಾದರೆ ಮೂರನೇ ವಾರದಲ್ಲಿ ಬೇಜಾರು ಬಂದಾಗಲೂ ಅದು ಕೈ ಹಿಡಿದು ಎಳೆಯುತ್ತದೆ.

ಎಲ್ಲಿ ಹುಡುಕುವುದು?

ನಮ್ಮ ದೇಶದ್ದು ಬೇಕಾದರೆ ಎರಡು ಹೆಸರು ಸಾಕು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಒಂದು. ಕೇಂದ್ರ ಸರಕಾರ 2017ರಲ್ಲಿ ಶುರು ಮಾಡಿದ ಸ್ವಯಂ ಇನ್ನೊಂದು. ಎಂಜಿನಿಯರಿಂಗ್ ಮಾತ್ರ ಎಂದುಕೊಳ್ಳಬೇಡಿ. ಇತಿಹಾಸ, ಸಾಹಿತ್ಯ, ಮನಃಶಾಸ್ತ್ರ, ಕೃಷಿ ಎಲ್ಲ ಉಂಟು. ಗೂಗಲ್ ಖಾತೆಯಿಂದ ಒಳಗೆ ಹೋಗಿ, ಕೋರ್ಸು ಆರಿಸಿ, ಸೇರುವ ಬಟನ್ ಒತ್ತಿದರೆ ಆಯಿತು. 4, 8 ಅಥವಾ 12 ವಾರದ ಕೋರ್ಸುಗಳು. ಮೊದಲ ಸಲಕ್ಕೆ 4 ವಾರದ್ದೇ ಇರಲಿ, ಹಟ ಬೇಡ.

ಎನ್‌ಪಿಟಿಇಎಲ್ ಕೋರ್ಸುಗಳು ಸಾಮಾನ್ಯವಾಗಿ ಜನವರಿ ಮತ್ತು ಜುಲೈಯಲ್ಲಿ ಶುರುವಾಗುತ್ತವೆ. ನನ್ನ ಓಟು ಜುಲೈಗೆ. ಜನವರಿಯಲ್ಲಿ ಅಡಿಕೆ ಕೊಯ್ಲು, ಅಂಗಳದ ಕೆಲಸ, ರಾತ್ರಿಯಾದರೆ ಭೂತಕೋಲ, ಯಕ್ಷಗಾನದ ಆಟ. ಯಾರು ಪಾಠ ಕೇಳುತ್ತಾರೆ? ಜುಲೈಯಲ್ಲಿ ಮಳೆ ಹೊರಗೆ ಬಿಡುವುದಿಲ್ಲ. ಕರೆಂಟು ಹೋಗುತ್ತದೆ, ನಿಜ. ಅದಕ್ಕೆ ಕರೆಂಟು ಇರುವಾಗಲೇ ಎರಡು ಪಾಠ ಫೋನಿಗೆ ಇಳಿಸಿಟ್ಟುಕೊಳ್ಳಿ.

ಹೊರದೇಶದ್ದರಲ್ಲಿ ನನಗೆ ಇಷ್ಟ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ಓಪನ್‌ಕೋರ್ಸ್‌ವೇರ್. 2001ರಲ್ಲಿ ಘೋಷಣೆಯಾದದ್ದು. ಅಲ್ಲಿ ಹೆಸರೂ ಬರೆಸಬೇಕಿಲ್ಲ, ಕೊನೆಯ ದಿನಾಂಕದ ಕಾಟವೂ ಇಲ್ಲ. ವಿಡಿಯೊ, ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆ ಎಲ್ಲ ತೆರೆದಿಟ್ಟಿದ್ದಾರೆ. ವಿಡಿಯೊ ಮಾತ್ರ ಎಲ್ಲ ಕೋರ್ಸಿಗೂ ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ. ನಿಮ್ಮ ಸಂಶಯಕ್ಕೆ ಉತ್ತರಿಸುವ ಮೇಷ್ಟ್ರು ಇಲ್ಲ, ಸರ್ಟಿಫಿಕೇಟೂ ಇಲ್ಲ. 2012ರಲ್ಲಿ ಶುರುವಾದ ಕೋರ್ಸೆರಾ, ಎಡ್‌ಎಕ್ಸ್‌ಗಳಲ್ಲೂ ಒಳ್ಳೆಯ ಪಾಠಗಳಿವೆ. ಆದರೆ ಅಲ್ಲಿ ದುಡ್ಡು ಕೇಳುವ ಬಟನ್ ದೊಡ್ಡದು, ಪುಕ್ಕಟೆ ನೋಡುವ ದಾರಿ ಸಣ್ಣದು. 'ಆಡಿಟ್' ಎಂಬ ಶಬ್ದ ಹುಡುಕಿ. ಎಲ್ಲ ಕೋರ್ಸಿಗೂ ಅದು ಸಿಗುವುದಿಲ್ಲ. ಕಾರ್ಡಿನ ನಂಬರು ಕೇಳಿದರೆ ಹಿಂದೆ ಬನ್ನಿ.

ಇಂಗ್ಲಿಷಿನ ಹೆದರಿಕೆ

ಕನ್ನಡ ಶಾಲೆಯಲ್ಲಿ ಓದಿದ ನಮಗೆ ಇಲ್ಲೇ ಕಾಲು ಹಿಂದೆ ಸರಿಯುವುದು. ಆದರೆ ನಮ್ಮ ಊರನ್ನೇ ನೋಡಿ. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಪಂಚಾಯತು ಆಫೀಸಿನ ಕಾಗದ ಮಲಯಾಳದಲ್ಲಿ. ಒಂದು ಭಾಷೆ ಪೂರ್ತಿ ಬಂದ ಮೇಲೆ ಮಾತಾಡುತ್ತೇನೆ ಎಂದು ಇಲ್ಲಿ ಯಾರಾದರೂ ಕಾದದ್ದುಂಟಾ? ಸಣ್ಣವರಿರುವಾಗ ತಾಳಮದ್ದಳೆಗೆ ಹೋಗಿ ಕೂತಿದ್ದೇವೆ. ಅರ್ಥಧಾರಿಗಳು ಹೇಳಿದ್ದರಲ್ಲಿ ಅರ್ಧ ಪಾಲು ತಲೆಗೆ ಹೋಗುತ್ತಿರಲಿಲ್ಲ. ಆದರೂ ಎದ್ದು ಬರಲಿಲ್ಲ. ಹತ್ತು ಸಲ ಕೇಳಿದ ಮೇಲೆ ತಾನಾಗಿ ಬಿಡಿಸಿಕೊಂಡಿತು, ಅಲ್ವಾ? ಇಂಗ್ಲಿಷ್ ಪಾಠವನ್ನೂ ಹಾಗೇ ಕೇಳಿ.

ಯೂಟ್ಯೂಬಿನಲ್ಲಿ ಪಾಠ ನೋಡುವವರು ಚಕ್ರದ ಗುರುತು ಒತ್ತಿ ವೇಗವನ್ನು 0.75ಕ್ಕೆ ಇಳಿಸಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಕಿವಿಗೆ ಸಿಗದ್ದು ಕಣ್ಣಿಗೆ ಸಿಗುತ್ತದೆ. ಕಂಪ್ಯೂಟರಿನಲ್ಲಾದರೆ ಕನ್ನಡಕ್ಕೆ ತಾನೇ ಅನುವಾದಿಸುವ ಆಯ್ಕೆಯೂ ಇದೆ, ಆದರೆ ಪೂರ್ತಿ ನಂಬಬೇಡಿ. ನನಗೆ ಒಮ್ಮೆ ಗಿಡ ಎನ್ನಬೇಕಾದಲ್ಲಿ ಕಾರ್ಖಾನೆ ಎಂದು ತೋರಿಸಿತು! ಎನ್‌ಪಿಟಿಇಎಲ್‌ನ ಕೆಲವು ಕೋರ್ಸುಗಳ ಪಾಠ ಕನ್ನಡ ಬರಹದಲ್ಲೂ ಸಿಗುತ್ತದೆ, ಮೊದಲು ಅದನ್ನು ಹುಡುಕಿ.

ಟಿಪ್ಪಣಿ ಮಾತ್ರ ಕನ್ನಡದಲ್ಲೇ ಬರೆಯಿರಿ. ಇದು ನನ್ನ ಒಂದೇ ಕಟ್ಟುನಿಟ್ಟು. ಕೇಳಿದ್ದು ಅರ್ಥವಾಗಿದೆಯೋ ಇಲ್ಲವೋ ಎಂಬುದು ನಮ್ಮ ಮಾತಿನಲ್ಲಿ ಬರೆಯಲು ಹೊರಟಾಗ ಗೊತ್ತಾಗುತ್ತದೆ.

ಸುಣ್ಣದ ಉತ್ತರ

ನಾನು ಹಿಡಿದದ್ದು ಎಂಐಟಿಯ 5.111 ಎಂಬ ಸಂಖ್ಯೆಯ ರಸಾಯನಶಾಸ್ತ್ರದ ಆರಂಭದ ಕೋರ್ಸು. ವಾರಕ್ಕೆ ಎರಡು ಪಾಠ, ಸಂಜೆ ಕಾಪಿ ಕುಡಿದ ಮೇಲೆ. ಮೊದಲ ಪಾಠಗಳಲ್ಲಿ ಪರಮಾಣುವಿನ ಲೆಕ್ಕ, ನನಗೆ ಜಾಸ್ತಿ ಹಿಡಿಸಲಿಲ್ಲ. ಕೆಲವನ್ನು ಹಾರಿಸಿದೆ. ಪರೀಕ್ಷೆ ಬರೆಯುವವರು ಹಾರಿಸಬಾರದು, ನಮಗೆ ಆ ಸ್ವಾತಂತ್ರ್ಯ ಉಂಟು.

ಆಮ್ಲ, ಕ್ಷಾರ, ನೀರಿನಲ್ಲಿ ಕರಗುವುದು, ಕರಗದಿರುವುದು. ಈ ಪಾಠಗಳು ಬಂದಾಗ ತೋಟದ ಡ್ರಮ್ಮು ಕಣ್ಣ ಮುಂದೆ ಬಂತು. ಮೈಲುತುತ್ತು ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ದ್ರಾವಣ ಹುಳಿ. ಹಾಗೇ ಬಿಟ್ಟರೆ ಕರಗಿದ ತಾಮ್ರ ಎಲೆಯನ್ನು, ಎಳೆಕಾಯಿಯನ್ನು ಸುಡುತ್ತದೆ. ಸುಣ್ಣ ಕ್ಷಾರ. ಅದು ಹುಳಿ ತೆಗೆದು, ತಾಮ್ರವನ್ನು ಸುಲಭಕ್ಕೆ ಕರಗದ ನುಣ್ಣಗಿನ ನೀಲಿ ಪುಡಿಯಾಗಿ ಮಾಡುತ್ತದೆ. ಆ ಪುಡಿ ಗೊನೆಗೆ ಅಂಟಿಕೊಂಡು, ಮಳೆಯಲ್ಲೂ ನಿಂತು, ತಾಮ್ರವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಕಲಸಿದ ಮೇಲೆ ಕತ್ತಿಯ ಬಾಯಿ ಅದ್ದಿ ನೋಡುತ್ತೇವಲ್ಲ? ಕೆಂಪಾದರೆ ಸುಣ್ಣ ಸಾಲದು. ಕರಗಿದ ತಾಮ್ರ ಇನ್ನೂ ಉಳಿದಿದ್ದರೆ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಆ ಕೆಂಪು ಅದೇ. ಕೋರ್ಸಿನಲ್ಲಿ ಅಡಿಕೆಯ ಹೆಸರೇ ಬರಲಿಲ್ಲ. ಜೋಡಿಸಿಕೊಂಡದ್ದು ನಾನು.

ಅಲ್ಲಿಂದ ಕೊಳೆರೋಗದ ಕಡೆ ಹೋದೆ. ಅದಕ್ಕೆ ಕಾರಣ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ನಾನು ಅದನ್ನು ಶಿಲೀಂಧ್ರ ಎಂದುಕೊಂಡಿದ್ದೆ. ನೋಡಿದರೆ ಅದು ಕಂದು ಪಾಚಿಗಳ ದೂರದ ನೆಂಟ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಬರಗಾಲ ತಂದದ್ದೂ ಇದೇ ಬಳಗದ್ದು.

ಪರೀಕ್ಷೆ ಬೇಕಾ?

ಸ್ವಯಂ, ಎನ್‌ಪಿಟಿಇಎಲ್‌ಗಳಲ್ಲಿ ಕಲಿಯಲು ದುಡ್ಡಿಲ್ಲ. ಸರ್ಟಿಫಿಕೇಟು ಬೇಕಾದವರು ಮಾತ್ರ ಫೀಸು ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಎನ್‌ಪಿಟಿಇಎಲ್‌ನಲ್ಲಿ ವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಕೆಲಸಕ್ಕೆ ಉಪಯೋಗ ಇದ್ದರೆ ಬರೆಯಿರಿ. ಇಲ್ಲವಾದರೆ ಅಸೈನ್‌ಮೆಂಟು ಮಾತ್ರ ಮಾಡಿ, ಅದನ್ನು ಬಿಡಬೇಡಿ. ಸುಮ್ಮನೆ ಕೇಳಿದ್ದು ಎರಡು ದಿನದಲ್ಲಿ ಆರಿಹೋಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಮುಗಿಸದೆ ಊರಿಗೆ ಬಂದವರು. ಆಮೇಲೆ ಮನೆಯಲ್ಲೇ ಕೂತು ಎಷ್ಟು ಭಾಷೆ ಕಲಿತರು ನೋಡಿ. ಅವರ ಮಟ್ಟ ನಮ್ಮದಲ್ಲ, ಆದರೆ ಡಿಗ್ರಿ ಇಲ್ಲವೆಂಬ ನೆಪ ಈ ಊರಿನಲ್ಲಿ ನಡೆಯುವುದಿಲ್ಲ.

ಕೋರ್ಸು ಹಿಡಿಸದಿದ್ದರೆ ಬಿಟ್ಟುಬಿಡಿ, ಯಾರೂ ಕೇಳುವುದಿಲ್ಲ. ಎರಡು ಪಾಠ ಕೇಳಿದ ಮೇಲೆ ತೀರ್ಮಾನ ಮಾಡಿದರೆ ಸಾಕು.

ಮುಗಿದರೆ ಕಲಿತದ್ದನ್ನು ಒಬ್ಬರಿಗಾದರೂ ಹೇಳಿ. ನಾನು ಹೇಳಿದ್ದು ನಮ್ಮಲ್ಲಿ ಮದ್ದು ಬಿಡಲು ಬರುವವರಿಗೆ. ಕತ್ತಿ ಕೆಂಪಾಗುವ ಕತೆ ಪೂರ್ತಿ ಕೇಳಿ, ಬಾಯಿಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಅವರು ಕೇಳಿದರು: "ಹಾಗಾದ್ರೆ ಎಲೆಯಡಿಕೆಗೆ ಸುಣ್ಣ ಸೇರಿದ್ರೆ ಬಾಯಿ ಕೆಂಪಾಗುವುದು ಎಂತಕ್ಕೆ? ಅಲ್ಲಿ ತಾಮ್ರ ಎಲ್ಲಿಂದ ಬಂತು?"

ಈಗ ಅದಕ್ಕೊಂದು ಕೋರ್ಸು ಹುಡುಕುತ್ತಿದ್ದೇನೆ.