ಸಮ್ಮೇಳನದಿಂದ ತರುವುದು ಒಂದೇ ಪ್ರಶ್ನೆ: ನನ್ನ ಅನುಭವ

ರಿಯಲ್ ಅನಾಲಿಸಿಸ್ (ಲಿಮಿಟ್, ಅವಿಚ್ಛಿನ್ನತೆಗಳನ್ನು ಕಟ್ಟುನಿಟ್ಟಾಗಿ ಕಲಿಸುವ ಗಣಿತ) ತರಗತಿಯಲ್ಲಿ ಪ್ರಶ್ನೆ ಕೇಳಿ, ಉತ್ತರಕ್ಕೆ ವಿದ್ಯಾರ್ಥಿಗಳಿಂದ ಮತ ಹಾಕಿಸುತ್ತೇನೆಂದಾಗ ‘ಹಾಗಾದರೆ ಸಿಲೆಬಸ್ ಮುಗಿಸುವವರು ಯಾರು?’ ಎಂದು ನಕ್ಕ ಸಹೋದ್ಯೋಗಿಗಳಿಗೆ ಉತ್ತರ ಕೊಡಲು ನನಗೆ ಹೆಚ್ಚುಕಡಿಮೆ 6 ವರ್ಷ ಹಿಡಿಯಿತು.

ಕಲಿಸುವ ಹೊಸ ದಾರಿ ಹುಡುಕಿ ಗಣಿತ ಬೋಧನೆಯ ಸಮ್ಮೇಳನಗಳಿಗೆ ಹೋಗತೊಡಗಿದೆ. ಸಂಶೋಧನಾ ಪ್ರಬಂಧ ಮಂಡಿಸುವವರಿಗೆ ಸಿಗುವ ಪ್ರಯಾಣಭತ್ಯೆ ಬೋಧನೆಯ ಗೋಷ್ಠಿಗೆ ಹೊರಟವನಿಗೆ ಸಿಗಲಿಲ್ಲ. ನೋಂದಣಿ ಶುಲ್ಕ, ಪ್ರಯಾಣ, ವಸತಿ ಎಂದು ಪ್ರತಿ ಸಲವೂ ಸುಮಾರು ಅರ್ಧ ತಿಂಗಳ ಸಂಬಳ ಕೈಬಿಟ್ಟಿತು. ಅಷ್ಟು ಸುರಿದ ಮೇಲೆ ಕೇಳಿದ್ದನ್ನೆಲ್ಲ ಹೊತ್ತು ತರುವ ದುರಾಸೆ ಬೇರೆ. ಮೊದಲ ವರ್ಷ ಇಡೀ ಕೋರ್ಸನ್ನೇ ತಿರುಗಿಸಿ, ಪಾಠವನ್ನು ಮನೆಯಲ್ಲಿ ಓದಿ ಬನ್ನಿ ಎಂದೆ. ಮೂರನೆಯ ವಾರಕ್ಕೆ ಓದಿ ಬರುತ್ತಿದ್ದವರು ಹತ್ತರಲ್ಲಿ ಇಬ್ಬರು. ಮರುವರ್ಷ ಎರಿಕ್ ಮಜೂರ್ 1990ರ ದಶಕದಲ್ಲಿ ಭೌತಶಾಸ್ತ್ರಕ್ಕಾಗಿ ರೂಪಿಸಿದ ಪದ್ಧತಿಗೆ (ಪ್ರಶ್ನೆಗೆ ಮತ, ಪಕ್ಕದವರೊಡನೆ ಚರ್ಚೆ, ಮತ್ತೆ ಮತ) ಮರುಳಾಗಿ ಸ್ವಂತ ಖರ್ಚಿನಲ್ಲಿ 40 ಕ್ಲಿಕ್ಕರ್, ಅಂದರೆ ಗುಂಡಿ ಒತ್ತಿ ಮತ ಹಾಕುವ ಸಾಧನ, ಕೊಂಡೆ. ಅವು ಈಗ ಕಪಾಟಿನಲ್ಲಿವೆ. ಬಣ್ಣದ ಚೀಟಿಗಳು ಅದೇ ಕೆಲಸ ಮಾಡುತ್ತವೆ.

ಮೂರನೆಯ ಸಮ್ಮೇಳನದ ಬಿಡುವಿನಲ್ಲಿ ಹಿರಿಯ ಅಧ್ಯಾಪಕಿಯೊಬ್ಬರು ಕಾರ್ಯಕ್ರಮಪಟ್ಟಿಯ ಬೆನ್ನಿಗೆ ಒಂದು ಪ್ರಶ್ನೆ ಬರೆದುಕೊಟ್ಟರು: ಅವಿಚ್ಛಿನ್ನ (ನಕ್ಷೆ ಎಲ್ಲೂ ತುಂಡಾಗದ) ಫಂಕ್ಷನ್‌ಗಳ ಲಿಮಿಟ್ ಅವಿಚ್ಛಿನ್ನವೇ? 1821ರಲ್ಲಿ ಗಣಿತಜ್ಞ ಕೋಶಿಯೇ ಹೌದೆಂದು ಬರೆದು, 1826ರಲ್ಲಿ ಇನ್ನೊಬ್ಬ ಗಣಿತಜ್ಞ ಆಬೆಲ್ ಅಪವಾದ ತೋರಿಸಿದ ಪ್ರಶ್ನೆಯಿದು. ತರಗತಿಯಲ್ಲಿದ್ದ ಅರವತ್ತರಲ್ಲಿ 45 ಮಂದಿಯಾದರೂ ಹೌದೆಂದರು. ನಾನು ಬಾಯಿ ಬಿಡಲಿಲ್ಲ. ಪಕ್ಕದವರನ್ನು ಒಪ್ಪಿಸಿ ಎಂದಷ್ಟೇ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎಕ್ಸ್‌ನ ಎನ್‌ನೇ ಘಾತದ ನಕ್ಷೆ ಬರೆದು, ‘0.9ರ 50ನೇ ಘಾತ 0.005ರ ಹತ್ತಿರ ಬಂತು, 1 ಮಾತ್ರ ಕದಲುವುದೇ ಇಲ್ಲ’ ಎಂದು ಗೆಳತಿಯೊಡನೆ ವಾದಿಸುತ್ತಿದ್ದಳು. ಎರಡನೆಯ ಮತದಲ್ಲಿ ಹೌದೆಂದವರು ಹತ್ತೇ ಮಂದಿ. ಇಡೀ ನಕ್ಷೆ ಒಟ್ಟಿಗೇ ಲಿಮಿಟ್‌ನ ಹತ್ತಿರ ಬರಬೇಕೆನ್ನುವ ಯೂನಿಫಾರ್ಮ್ ಕನ್ವರ್ಜೆನ್ಸ್‌ನ ವ್ಯಾಖ್ಯೆಯನ್ನು ಆಮೇಲೆ ಬರೆದಾಗ, ಅದು ಏಕೆ ಬೇಕೆಂದು ಯಾರೂ ಕೇಳಲಿಲ್ಲ.

ಅಂದಿನಿಂದ ಒಂದು ಸಮ್ಮೇಳನಕ್ಕೆ ಒಂದೇ ಪ್ರಶ್ನೆ ತರುತ್ತೇನೆ, ಎರಡು ವಾರದೊಳಗೆ ಪ್ರಯೋಗಿಸುತ್ತೇನೆ. ಆ ಅಧ್ಯಾಯದ ಲೆಕ್ಕವನ್ನು ಹಿಂದೆ ಸುಮಾರು 20 ಮಂದಿ ಸರಿಯಾಗಿ ಬಿಡಿಸುತ್ತಿದ್ದರು, ಕಳೆದ ಪರೀಕ್ಷೆಯಲ್ಲಿ 40ರ ಆಸುಪಾಸು. ಅಂದು ನಕ್ಕವರೇ ಈಗ ನನ್ನ ಪ್ರಶ್ನೆಗಳನ್ನು ಕೇಳಿ ಪಡೆಯುತ್ತಾರೆ. ಕೊಡುತ್ತೇನೆ, ತಪ್ಪು ಆಯ್ಕೆಗಳನ್ನು ಹೇಗೆ ಹೆಣೆಯುತ್ತೇನೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಡುವೆ ಪ್ರಮೇಯಗಳ ತಪ್ಪು ಸಾಧನೆಗಳಿಗೆ (ಪ್ರೂಫ್) ವಿದ್ಯಾರ್ಥಿಗಳಿಂದಲೇ ಅಂಕ ಹಾಕಿಸುವ ಪ್ರಯೋಗವನ್ನೂ ಮಾಡಿದೆ. ಎಲ್ಲ ಕುದುರೆಗಳೂ ಒಂದೇ ಬಣ್ಣವೆಂದು ಇಂಡಕ್ಷನ್‌ನಿಂದ (ಒಂದರಿಂದ ಮುಂದಿನದಕ್ಕೆ ಸಾಗುವ ವಾದ) ‘ತೋರಿಸುವ’ ಹಳೆಯ ತಪ್ಪು ಸಾಧನೆ ಎಲ್ಲರಿಗೂ ಗೊತ್ತಿದ್ದರಿಂದ ನೆಲಕಚ್ಚಿತು. ಅವರದೇ ಉತ್ತರಪತ್ರಿಕೆಗಳ ತಪ್ಪುಗಳನ್ನು ಹೆಸರು ತೆಗೆದು ಹಂಚಿದಾಗ ಚರ್ಚೆ ಕಾವೇರಿ ಪೂರ್ತಿ ಒಂದು ಗಂಟೆ ನುಂಗಿತು. ಹೀಗಾಗಿ ಅದು ಸೆಮಿಸ್ಟರಿಗೆ ಎರಡೇ ಬಾರಿ.

ಇನ್ನು ಸಿಲೆಬಸ್. ಅವಿಚ್ಛಿನ್ನ ಫಂಕ್ಷನ್‌ಗಳನ್ನು ಬಹುಪದಿಗಳಿಂದ ಬೇಕಾದಷ್ಟು ಹತ್ತಿರ ತರಬಹುದೆನ್ನುವ ವೈಯರ್‌ಸ್ಟ್ರಾಸ್‌ನ ಅಪ್ರಾಕ್ಸಿಮೇಶನ್ ಪ್ರಮೇಯದ ಸಾಧನೆಯನ್ನು ಅವರೇ ಓದಿಕೊಳ್ಳಲು ಬಿಟ್ಟರೆ, ಮುಗಿಯುತ್ತದೆ.