ತೋಟಾ ಕೋವಿ ಕೈಗೆ ಕೊಡೋ ಮೊದ್ಲು ಡಮ್ಮಿ ತೋಟಾ: ನನ್ನ ಅನುಭವ

ಈ ಸಲದ ಕೈಲ್ ಮುಹೂರ್ತಕ್ಕೆ (ಕೊಡಗಿನಲ್ಲಿ ಕೋವಿ ಪೂಜೆ ಮಾಡೋ ಹಬ್ಬ) ನಮ್ಮ ಐನ್‌ಮನೆ (ಕುಟುಂಬದ ಮೂಲಮನೆ) ಅಂಗಳದಲ್ಲಿ ಹತ್ತು ಹದಿನೈದು ಕೋವಿ ಇತ್ತು, ಜನ ಐವತ್ತರ ಮೇಲೆ, ಮಧ್ಯಾಹ್ನ ಊಟ ಮುಗಿಸಿ ಶುರುವಾದ ತೆಂಗಿನಕಾಯಿ ಶೂಟಿಂಗ್ ಸಂಜೆವರೆಗೂ ನಡೀತು. ಫೈರಿಂಗ್ ಲೈನ್ ಬಿಟ್ಟು ಬೇರೆ ಎಲ್ಲೂ ಮುಚ್ಚಿದ ಕೋವಿ ಒಂದೂ ನನ್ನ ಕಣ್ಣಿಗೆ ಬೀಳ್ಲಿಲ್ಲ. ಎಲ್ಲರ ಕೋವಿನೂ ನಳಿಗೆ ಬಗ್ಗಿಸಿ (ಮಧ್ಯದಲ್ಲಿ ಮಡಚಿ ತೆರೆದು) ಮೊಣಕೈ ಮೇಲೆ ಹಾಕ್ಕೊಂಡಿದ್ದು, ತೋಟಾ (ಕಾಡತೂಸು) ಕೂರೋ ಚೇಂಬರ್ ಎರಡೂ ಖಾಲಿ, ಆಚೆ ಕಡೆ ಬೆಳಕು ಕಾಣ್ತಿತ್ತು. ಕೆಲವು ವರ್ಷದ ಹಿಂದೆ ನಾನು ಇದನ್ನ ಹೇಳಿದಾಗ ಕಿರಿಯಜ್ಜ ಒಬ್ರು "ನಾವೇನು ನಿನ್ನೆ ಮೊನ್ನೆ ಕೋವಿ ಹಿಡಿದವ್ರಾ, ನಾನು ಹುಟ್ದಾಗ್ಲೇ ಈಡು ಹೊಡ್ದಿದ್ರು ಮಾರಾಯ, ನೀ ನಂಗೆ ಕಲಿಸ್ತೀಯಾ" ಅಂದಿದ್ರು. ಈಗ ಅವ್ರೇ ಬೇರೆ ಒಕ್ಕದಿಂದ (ಮನೆತನದಿಂದ) ಬಂದವ್ರಿಗೆ ಗೇಟ್ ಹತ್ರ ನಿಂತು "ಬಗ್ಗಿಸಿ ಒಳಗೆ ಬನ್ನಿ" ಅಂತಾರೆ. ಹಾಗಾಗಿ ಬರೀತಾ ಇದೀನಿ, ಹೇಗೆ ಮಾಡಿದೆ ಅಂತ ಸುಮಾರು ಜನ ಕೇಳಿದ್ರು.

ಕೋವಿ ಇರೋರಿಗೇ ಬರೀತಿರೋದು, ಲಿವರ್ ಎಲ್ಲಿ, ಎಜೆಕ್ಟರ್ ಏನು ಅಂತೆಲ್ಲ ಉದ್ದಕ್ಕೆ ವಿವರಿಸೋಕೆ ಹೋಗಲ್ಲ.

ಮೊದ್ಲು ಯಾಕೆ ತಲೆ ಕೆಡಿಸ್ಕೊಂಡೆ ಅಂತ ಹೇಳ್ಬೇಕು. 1861ರಿಂದ ಕೊಡವರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಮತ್ತೆ 2029ರವರೆಗೆ ಮುಂದುವರಿಸಿತು, ವಂಶಪಾರಂಪರ್ಯ ಜಮೀನಿನ ಜಮ್ಮಾ ಹಿಡುವಳಿದಾರರಿಗೂ ಇದೆ. ಹೊರಗಿನವ್ರು ಹೊಸದಾಗಿ ಲೈಸೆನ್ಸ್ ಕೇಳಿದ್ರೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಸೇಫ್ಟಿ ಟ್ರೈನಿಂಗ್ ಸರ್ಟಿಫಿಕೇಟ್ ಬೇಕು. ನಮ್ಗೆ ಯಾರೂ ಕೇಳಲ್ಲ. ಕೇಳಲ್ಲ ಅಂದ್ರೆ ಆ ಟ್ರೈನಿಂಗ್ ಕೊಡೋ ಜವಾಬ್ದಾರಿ ಮನೆ ಹಿರಿಯರ ಮೇಲೇ ಬಿತ್ತು ಅಂತ ನನ್ನ ಲೆಕ್ಕ. ಹಿಂದೆ ಹುಡುಗ್ರು ಮನೇಲೇ ಬೆಳೀತಿದ್ರು, ಅಪ್ಪನ ಹಿಂದೆ ಗದ್ದೆ ಕಾಯೋಕೆ ಹೋಗಿ ಹೋಗಿ ಕೈ ಪಳಗ್ತಿತ್ತು. ಈಗ ನಮ್ಮ ಹುಡುಗ್ರು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾರೆ, ವರ್ಷಕ್ಕೆ ಎರಡು ಸಲ ಬರ್ತಾರೆ, ಕೈಲ್ ಮುಹೂರ್ತಕ್ಕೊಂದು ಸುಗ್ಗಿ ಹಬ್ಬ ಪುತ್ತರಿಗೊಂದು, ಬಂದ ತಕ್ಷಣ ಕೋವಿ ಕೈಗೆ ಬೇಕು, ಫೋಟೋ ಬೇಕು. ಅದ್ರ ಮೇಲೆ 2019ರ ತಿದ್ದುಪಡಿ ಬಂದ್ಮೇಲೆ ಸಮಾರಂಭದಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತಂದ್ರೆ ಎರಡು ವರ್ಷದವರೆಗೆ ಜೈಲು ಇಲ್ಲಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗ್ಬಹುದು. ನಮ್ಮ ಹಕ್ಕು ಉಳೀಬೇಕು ಅಂದ್ರೆ ನಮ್ಮ ಅಂಗಳದಲ್ಲಿ ಒಂದೇ ಒಂದು ಅನಾಹುತನೂ ಆಗ್ಬಾರದು, ನನಗೆ ಇದು ಅಷ್ಟು ಮುಖ್ಯ.

ಶುರುವಿನಲ್ಲಿ ಮಾಡಿದ್ದು ಯಾವ್ದೂ ನಡೀಲಿಲ್ಲ. ನಿಯಮ ಪ್ರಿಂಟ್ ಮಾಡಿ ಲ್ಯಾಮಿನೇಟ್ ಹಾಕಿಸಿ ಗೋಡೆಗೆ ಹಚ್ಚಿದೆ, ಇನ್ನೂರೋ ಮುನ್ನೂರೋ ಖರ್ಚು, ಓದಿದವ್ರು ಯಾರೂ ಇಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋಯ್ತು. ಆಮೇಲೆ ಟ್ರಿಗರ್ ಲಾಕ್ ತರಿಸಿದೆ, ಕೋವಿಗೊಂದು ಅಂತ, ಒಂದಕ್ಕೆ ಸಾವಿರದ ಹತ್ರ. ಕಪಾಟಲ್ಲಿ ಇಡೋಕೆ ಅದು ಸರಿ, ಆದ್ರೆ ಲಾಕ್ ತೆಗೆದ ಮೇಲೆ ಕೈಯಲ್ಲಿ ಹೇಗೆ ಹಿಡೀಬೇಕು ಅನ್ನೋದಕ್ಕೆ ಲಾಕ್ ಏನು ಮಾಡುತ್ತೆ? ಭಾಷಣನೂ ಕೊಟ್ಟು ನೋಡಿದೆ. ಎಲ್ಲಾ ತಲೆ ಆಡಿಸ್ತಾರೆ, ಹತ್ತು ನಿಮಿಷಕ್ಕೆ ಜೋಡಿ ನಳಿಗೆ ಮುಚ್ಚಿ ಹೆಗಲ ಮೇಲೆ ಹಾಕಿ ಹಿಂದಿದ್ದವನ ಮುಖಕ್ಕೆ ತಿರುಗಿಸ್ತಾರೆ, ಕೇಳಿದ್ರೆ "ಸೇಫ್ಟಿ ಹಾಕಿದೆ ಅಣ್ಣ".

ಆ ಸೇಫ್ಟಿ ಮಾತು ನಿಲ್ಲಿಸೋದೇ ದೊಡ್ಡ ಕೆಲಸ ಆಯ್ತು. ನಮ್ಮ ಹಳೇ ಜೋಡಿ ನಳಿಗೆಗಳಲ್ಲಿ ಹೆಚ್ಚಿನವಕ್ಕೆ ಸೇಫ್ಟಿ ಅಂದ್ರೆ ಟ್ರಿಗರ್ ಮಾತ್ರ ಹಿಡಿಯುತ್ತೆ, ಒಳಗೆ ಹ್ಯಾಮರ್ ಕಾಕ್ ಆಗಿ (ಹೊಡಿಯೋಕೆ ಎದ್ದು) ಸಿಯರ್ ಅನ್ನೋ ಕೊಕ್ಕೆ ಮೇಲೆ ಕೂತೇ ಇರುತ್ತೆ. ಸಿಯರ್ ಸವೆದಿದ್ರೆ ಕೋವಿ ಕಲ್ಲಿಗೆ ಬಿದ್ರೆ ಸಾಕು, ಈಡು ಹಾರಬಹುದು. ಒಂದು ಹಳೇ ಬೆಲ್ಜಿಯಂ ಕೋವಿದು ಸೈಡ್ ಪ್ಲೇಟ್ ಗನ್‌ಸ್ಮಿತ್ ಹತ್ರ ಬಿಚ್ಚಿಸಿ ಹುಡುಗ್ರಿಗೆ ತೋರಿಸಿದೆ, ಸೇಫ್ಟಿ ಹಿಂದೆ ಮುಂದೆ ಮಾಡಿದ್ರೂ ಹ್ಯಾಮರ್ ಅಲ್ಲಾಡಲ್ಲ, ಅದ್ರ ಪಾಡಿಗೆ ಅದು ಎದ್ದು ಕೂತಿದೆ. ಆ ಒಂದು ನೋಟ ನನ್ನ ಎಲ್ಲಾ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡಿತು.

ನನ್ನ ಪದ್ಧತಿಗೆ ಬರ್ತೀನಿ. ಬೇರೆ ಬಂದೂಕಿಗೆ ಇಲ್ಲದ ಒಂದು ಗುಣ ಬಗ್ಗಿಸೋ ಕೋವಿಗೆ ಇದೆ, ಓಪನ್ ಇದ್ರೆ ಇಪ್ಪತ್ತು ಅಡಿ ದೂರದಿಂದ ಮಗು ಕೂಡ ಹೇಳುತ್ತೆ ಇದು ಹೊಡಿಯಲ್ಲ ಅಂತ. ಅದಕ್ಕೇ ನಿಯಮ ಒಂದೇ ಮಾಡಿದೆ: ಗುರಿ ಮುಂದೆ ನಿಂತು ಈಗ್ಲೇ ಹೊಡಿಯೋನು ಬಿಟ್ಟು ಬೇರೆ ಯಾರ ಕೈಯಲ್ಲೂ ಕೋವಿ ಮುಚ್ಚಿರಬಾರದು. ಹೇಳಿದ್ರೆ ಕೈ ಕಲಿಯಲ್ಲ, ಮಾಡಿ ಮಾಡಿನೇ ಕಲೀಬೇಕು, ಅದಕ್ಕೆ ಮದ್ದು ಚರೆ ಇಲ್ಲದ ಡಮ್ಮಿ ತೋಟಾ ಬೇಕು. ಇಲ್ಲಿ ಜಗಳ ಆಗಿದ್ದು. "ನಿಜವಾದ ತೋಟಾಕ್ಕೇ ನೂರರ ಹತ್ರ ಕೊಡ್ತಿದೀವಿ, ಹೊಡಿಯದ ತೋಟಾಕ್ಕೂ ದುಡ್ಡು ಹಾಕೋದಾ" ಅಂತ ಭಾವ ಕೂಗಾಡಿದ್ರು.

ಡಮ್ಮಿ ವಿಷಯದಲ್ಲಿ ಸುಮಾರು ದುಡ್ಡು ಹೋಯ್ತು ಅನ್ನೋದು ನಿಜ. ಫಾರಿನ್ ಪ್ಲಾಸ್ಟಿಕ್ ಸ್ನ್ಯಾಪ್ ಕ್ಯಾಪ್ (ರೆಡಿಮೇಡ್ ಡಮ್ಮಿ) ಜೋಡಿಗೆ ಸಾವಿರದೈನೂರು ಚಿಲ್ಲರೆ ಆಯ್ತು, ಎಜೆಕ್ಟರ್ ಇರೋ, ಅಂದ್ರೆ ಹೊಡೆದ ತೋಟಾನ ತಾನೇ ಹೊರಗೆ ಎಸೆಯೋ ಕೋವೀಲಿ ಅಂಗಳದ ಸಿಮೆಂಟಿಗೆ ಬಿದ್ದು ಬಿದ್ದು ರಿಮ್ ಸೀಳಿಹೋಯ್ತು, ಒಂದು ಸೀಸನ್ನೂ ಬರ್ಲಿಲ್ಲ. ಮರದಲ್ಲಿ ಕಡೆಸಿದ್ದು ಮಳೆಗಾಲಕ್ಕೆ ಊದಿ ಚೇಂಬರಲ್ಲಿ ಸಿಕ್ಕಾಕ್ಕೊಂಡು ನಳಿಗೆ ತುದಿಯಿಂದ ಕ್ಲೀನಿಂಗ್ ರಾಡ್ ಹಾಕಿ ಹಿಂದಕ್ಕೆ ತಳ್ಳಬೇಕಾಯ್ತು. ಹೊಡೆದ ಖಾಲಿ ತೋಟಾಕ್ಕೆ ಕಿಡಿ ಕೊಡೋ ಕ್ಯಾಪ್ ಜಾಗದಲ್ಲಿ ರಬ್ಬರ್ ಹಾಕಿ ಬಳಸಿ ಅಂತ ಒಬ್ರು ಹೇಳಿದ್ರು, ಅದನ್ನ ನಾನು ಮನೆ ಒಳಗೇ ಬಿಡ್ಲಿಲ್ಲ. ನೋಡೋಕೆ ನಿಜವಾದ ತೋಟಾದ ಹಾಗೇ ಇರೋ ಡಮ್ಮಿ ಡಮ್ಮಿನೇ ಅಲ್ಲ, ಒಂದು ದಿನ ಎರಡೂ ಒಂದೇ ಜೇಬಿಗೆ ಹೋಗುತ್ತೆ. ಕೊನೆಗೆ ಲೇತ್ ಅಂಗಡೀಲಿ ಅಲ್ಯೂಮಿನಿಯಂ ರಾಡಲ್ಲಿ ಕಡೆಸಿದೆ, ಹಿಂದೆ ಹಿತ್ತಾಳೆ ಬಟನ್, ಒಳಗೆ ಸ್ಪ್ರಿಂಗ್, ಇಡೀ ಮೈಗೆ ಕೇಸರಿ ಬಣ್ಣ. ಒಂದಕ್ಕೆ ಮುನ್ನೂರೈವತ್ತು ಬಿತ್ತು ಅನ್ಸುತ್ತೆ. ಪಿನ್ ಹೊಡೆತ ತಾಳೋ ಸ್ಪ್ರಿಂಗ್ ಸಿಗೋಕೆ ತುಂಬಾ ಹುಡುಕಾಡಿದೆ, ಪೆನ್ ಸ್ಪ್ರಿಂಗ್ ಮೆತ್ತಗೆ, ಸೈಕಲ್ ಅಂಗಡಿದು ಗಟ್ಟಿ, ಸರಿಯಾದ್ದು ಒಂದು ಗಾಡಿಯ ಒಂದು ಪಾರ್ಟಿಂದ ಸಿಕ್ತು. ಯಾವ ಗಾಡಿ, ಯಾವ ಪಾರ್ಟ್ ಅಂತ ಇಲ್ಲಿ ಬರೆಯಲ್ಲ, ಆ ಲೇತ್ ಹುಡುಗನಿಗೂ ನಾಲ್ಕು ಕಾಸು ಆಗ್ಲಿ. ಮೊದಲ ಬ್ಯಾಚ್ ಇನ್ನೂ ಓಡ್ತಾ ಇದೆ.

ಆಟ ಹೀಗೆ. ಕೋವಿ ಬಗ್ಗಿಸಿ ಮೇಜಿನ ಮೇಲೆ ಇರುತ್ತೆ, ನಿಜವಾದ ತೋಟಾ ಆ ಕೋಣೇಲೇ ಇರಬಾರದು, ಬೀರು ಬೀಗ ಹಾಕಿ ಕೀ ನನ್ನ ಜೇಬಲ್ಲಿ. ಹುಡುಗ ಬಂದು ಮೊದ್ಲು ನಳಿಗೆ ಒಳಗೆ ಕಣ್ಣಾಡಿಸ್ಬೇಕು, ಬಾಯಲ್ಲಿ ಜೋರಾಗಿ "ಎಡ ಖಾಲಿ, ಬಲ ಖಾಲಿ" ಅನ್ಬೇಕು. ಆಗಾಗ ನಾನು ಒಂದು ಕೋವಿ ಮುಚ್ಚಿ ಒಳಗೆ ಒಂದು ನಳಿಗೆಗೆ ಮಾತ್ರ ಡಮ್ಮಿ ಹಾಕಿಟ್ಟಿರ್ತೀನಿ, ಒಂದೊಂದು ಸಲ ನಳಿಗೆ ತುದೀಲಿ ಬಟ್ಟೆ ಉಂಡೆ. ನೋಡದೆ ಎತ್ತಿದ್ರೆ ಆವತ್ತಿನ ಪಾಠ ಅಲ್ಲಿಗೆ ಮುಗೀತು, ನಾಳೆ ಬಾ. ಮುಚ್ಚೋದು ಕೂಡ ಹೇಗಂದ್ರೆ, ನಳಿಗೆ ನೆಲದ ಕಡೆ ಹಾಗೇ ಇರ್ಬೇಕು, ಹಿಡಿಯನ್ನ ಮೇಲೆತ್ತಿ ಮುಚ್ಚಬೇಕು. ನಳಿಗೆ ಮೇಲೆತ್ತಿ ಪಟಾರ್ ಅಂತ ಮುಚ್ಚಿದ್ರೆ ಮೂತಿ ಎದುರಿನವನ ಹೊಟ್ಟೆಗೇ ಹೋಗುತ್ತೆ, ಹಿಂಜೂ ಹಾಳು. ಇದೊಂದೇ ಚಲನೆ ಸರಿ ಬರೋಕೆ ಒಬ್ಬೊಬ್ಬನಿಗೆ ಒಂದು ವಾರ ಹಿಡಿಯುತ್ತೆ, ಎಡಗೈ ಫೋರೆಂಡ್ (ನಳಿಗೆ ಕೆಳಗಿನ ಮರದ ಹಿಡಿ) ಹಿಡಿದು ಅಲುಗಾಡದೆ ಇರ್ಬೇಕು, ಬಲಗೈ ಮಾತ್ರ ಏಳ್ಬೇಕು, ಬೆರಳು ಟ್ರಿಗರ್ ಗಾರ್ಡ್ ಹೊರಗೆ ಚಾಚಿರ್ಬೇಕು. ತಮ್ಮನ ಮಗಳು ಎಲ್ಲಾ ಹುಡುಗ್ರಿಗಿಂತ ಬೇಗ ಕಲಿತ್ಲು, ಈಗ ಅವಳೇ ಕಲಿಸ್ತಾಳೆ.

ಡ್ರಿಲ್ಲಲ್ಲೇ ಮಿಸ್‌ಫೈರ್ ಕೂಡ ಮಾಡಿಸ್ತೀನಿ. ಟಕ್ ಅಂತು, ಹೊಡೀಲಿಲ್ಲ. ಆಗ ಕೋವಿ ಗುರಿ ಕಡೆಗೇ ಹಿಡ್ಕೊಂಡು ಅರ್ಧ ನಿಮಿಷಕ್ಕಿಂತ ಜಾಸ್ತಿನೇ ನಿಲ್ಲಬೇಕು, ನಾನು ಒಂದು ನಿಮಿಷ ಎಣಿಸ್ತೀನಿ, ಆಮೇಲೆ ಮುಖ ಬ್ರೀಚ್ (ನಳಿಗೆ ಹಿಂಬದಿ) ನೇರಕ್ಕೆ ಇಡದೆ ಪಕ್ಕಕ್ಕೆ ಇಟ್ಟು ಓಪನ್. ಶಬ್ದ ಮೆತ್ತಗೆ ಬಂದ್ರೆ ಇನ್ನೂ ಹುಷಾರು, ವ್ಯಾಡ್ (ಮದ್ದಿಗೂ ಚರೆಗೂ ಮಧ್ಯದ ಬಿರಡೆ) ನಳಿಗೇಲೇ ಉಳಿದಿರ್ಬಹುದು, ಎರಡನೇದು ಹೊಡಿಯೋ ಮುಂಚೆ ಎರಡೂ ತೋಟಾ ತೆಗೆದು ಆಚೆ ಬೆಳಕು ನೋಡ್ಬೇಕು. ಮಳೆಗಾಲದಲ್ಲಿ ಹಳೇ ಪೇಪರ್ ತೋಟಾ ಇಟ್ಟವ್ರು ಇದನ್ನ ನೆನಪಿಟ್ಕೊಳ್ಳಿ. ಬೆಳಕು ನೋಡೋ ಅಭ್ಯಾಸ ಒಂದು ಸಲ ದೊಡ್ಡದಾಗಿ ಕೈ ಹಿಡಿಯಿತು. ಪಕ್ಕದ ಒಕ್ಕದ ಕೋವಿ, ಗೋಡೆಗೆ ನೇತು ಹಾಕಿದ್ದು, ಪೂಜೆಗೆ ಇಳಿಸಿ ತಂದಿದ್ರು, ನಮ್ಮ ಹುಡುಗ ಬಗ್ಗಿಸಿ ನೋಡಿದ್ರೆ ಎಡ ನಳಿಗೇಲಿ ಕತ್ತಲು. ಕುಂಬಾರ ಹುಳ ಮಣ್ಣು ತುಂಬಿ ಗೂಡು ಕಟ್ಟಿಬಿಟ್ಟಿತ್ತು, ಬೆರಳುದ್ದ, ಗಟ್ಟಿ. ಅದ್ರ ಹಿಂದೆ ಒಂದು ತೋಟಾ ಹೊಡೆದಿದ್ರೆ ನಳಿಗೆ ಸೀಳಿ ಎಡಗೈ ಹೋಗ್ತಿತ್ತು. ಅವತ್ತಿಂದ ಭಾವ ದುಡ್ಡಿನ ಮಾತು ಎತ್ತಿಲ್ಲ.

ಇಪ್ಪತ್ತು ಬೋರ್ (ಹನ್ನೆರಡಕ್ಕಿಂತ ಸಣ್ಣ ನಳಿಗೆ) ಕೋವಿ ಇರೋ ಮನೆಯವ್ರಿಗೆ ಬೇರೆ ಮಾತು. ಇಪ್ಪತ್ತರ ತೋಟಾ ಹನ್ನೆರಡರ ಚೇಂಬರಿಗೆ ಹಾಕಿದ್ರೆ ಒಳಗೆ ಜಾರಿ ನಳಿಗೇಲಿ ಕೂರುತ್ತೆ, ಚೇಂಬರ್ ಖಾಲಿ ಕಾಣುತ್ತೆ, ಮರೆತು ಹನ್ನೆರಡರದ್ದು ಹಾಕಿ ಹೊಡೆದ್ರೆ ಮುಗೀತು ಕಥೆ. ಅದಕ್ಕೇ ಇಪ್ಪತ್ತರ ತೋಟಾಕ್ಕೆ ಹಳದಿ ಬಣ್ಣ ಮಾಡೋದು. ನಮ್ಮ ಅಂಗಳಕ್ಕೆ ಹಬ್ಬದ ದಿನ ಹನ್ನೆರಡು ಬೋರ್ ಮಾತ್ರ, ಇಪ್ಪತ್ತರದ್ದು ಪೂಜೆಗೆ ಬರ್ಲಿ, ಅದ್ರ ತೋಟಾ ಮನೇಲೇ ಇರ್ಲಿ. ಹಾಗೇ ಹಳೇ ಇಂಗ್ಲಿಷ್ ಕೋವಿಗಳ ಚೇಂಬರ್ ಎರಡೂವರೆ ಇಂಚು ಇರುತ್ತೆ, ಈಗಿನ ಎರಡೂ ಮುಕ್ಕಾಲು ಇಂಚಿನ ತೋಟಾ ಸಲೀಸಾಗಿ ಒಳಗೆ ಹೋಗುತ್ತೆ ಅಂತ ಹೊಡೀಬೇಡಿ, ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲಲ್ಲ, ಪ್ರೆಷರ್ ಏರುತ್ತೆ. ಅಜ್ಜನ ಕಾಲದ ಡಮಾಸ್ಕಸ್ (ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದ) ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿ, ತೋಟಾ ಹಾಕ್ಬೇಡಿ.

ಮಧ್ಯದಲ್ಲಿ ಬೇರೆ ಬೇರೆ ಪ್ರಯೋಗನೂ ಮಾಡಿದೆ. ದೊಡ್ಡ ಬ್ರೌನ್ ಪೇಪರ್ ಕಟ್ಟಿ, ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರೋ ಕಡೆ, ನಲವತ್ತು ಗಜದಿಂದ ಹೊಡೆದು ಮೂವತ್ತು ಇಂಚಿನ ವೃತ್ತದಲ್ಲಿ ಚರೆ ಎಷ್ಟು ಬಿತ್ತು ಅಂತ ಎಣಿಸಿದೆ. ಫುಲ್ ಚೋಕ್ (ತುದಿ ಜಾಸ್ತಿ ಕಿರಿದಾದ) ಎಡ ನಳಿಗೆ ನೂರಕ್ಕೆ ಎಪ್ಪತ್ತು ಹಾಕ್ಬೇಕು ಅಂತಾರೆ, ನಮ್ಮದು ಅರವತ್ತರ ಸುತ್ತಮುತ್ತ ಹಾಕಿತು. ಬಲ ನಳಿಗೆ ಚೆಲ್ಲಾಪಿಲ್ಲಿ. ಚರೆ ಎಲ್ಲೆಲ್ಲಿ ಹೋಗುತ್ತೆ ಅಂತ ಹುಡುಗ್ರು ಕಣ್ಣಾರೆ ನೋಡಿದ್ದೇ ಲಾಭ. ಆರನೇ ನಂಬರ್ ಚರೆ ಕೂಡ ಇನ್ನೂರು ಮೀಟರ್ ದೂರ ಹೋಗುತ್ತೆ, ಎಸ್‌ಜಿ (ದಪ್ಪ ಚರೆ) ಆರುನೂರು ಮೀಟರ್ ದಾಟುತ್ತೆ. ತೋಟದಲ್ಲಿ ಕಾಫಿ ಗಿಡದ ಮಧ್ಯೆ ಕೆಲಸದವ್ರು ಬಗ್ಗಿ ಕೂತಿರ್ತಾರೆ, ನಮ್ಗೆ ಕಾಣಲ್ಲ. ಅದಕ್ಕೆ ತೆಂಗಿನಕಾಯಿನ ಮರದ ತುದೀಲಿ ಕಟ್ಟೋದು ನಿಲ್ಲಿಸಿದೆ, ದಿಬ್ಬದ ಮುಂದೆ ಕಂಬಕ್ಕೆ ಕಟ್ತೀವಿ. ಸಂಪ್ರದಾಯ ಕೆಡುತ್ತೆ ಅಂದ್ರು ಕೆಲವ್ರು, ಕಾಯಿ ಒಡೆಯೋದು ಮುಖ್ಯ, ಒಡೀತಾ ಇದೆ. ಕಾಯಿ ಚಿಪ್ಪು ಹಾರುತ್ತೆ, ಹೊಡಿಯೋನಿಗೆ ಪಾಲಿಕಾರ್ಬೊನೇಟ್ ಕನ್ನಡಕ, ಇಯರ್ ಮಫ್, ಎರಡೂ ಸೇರಿ ಸಾವಿರದ ಒಳಗೆ ಬರುತ್ತೆ.

ತುಕ್ಕಿನ ಬಗ್ಗೆ ಒಂದು ಮಾತು, ಮಳೆಗಾಲದಲ್ಲಿ ಲೆದರ್ ಕೇಸಲ್ಲಿ ಕೋವಿ ಇಡ್ಬೇಡಿ, ಚರ್ಮ ನೀರು ಹೀರಿ ಕೋವಿಗೆ ಕುಡಿಸುತ್ತೆ. ಕೊಬ್ಬರಿ ಎಣ್ಣೆ ಅಂಟಾಗಿ ಲಾಕ್ ಒಳಗೆ ಗೋಂದಿನ ಹಾಗೆ ಕೂರುತ್ತೆ. ಕಪಾಟಲ್ಲಿ ಸಣ್ಣ ಬಲ್ಬ್ ಉರಿಸ್ತಿದ್ದೆ, ಕರೆಂಟ್ ಇದ್ರೆ ತಾನೇ? ಈಗ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಬಾಣಲೇಲಿ ಬಿಸಿ ಮಾಡಿ ವಾಪಸ್. ಎಣ್ಣೆ ಮಾತ್ರ ನಾನು ಎರಡು ಸೇರಿಸಿ ಮಾಡ್ಕೊಂಡಿದೀನಿ, ಅದ್ರ ಅಳತೆ ನನ್ನ ಹತ್ರಾನೇ ಇರ್ಲಿ.

ಇನ್ನು ಉಳಿದಿರೋದು ಹೊರಗೆ ಹ್ಯಾಮರ್ ಇರೋ ಒಂಟಿ ನಳಿಗೆ ಕೋವಿ. ಕಾಕ್ ಆದ ಹ್ಯಾಮರನ್ನ ಒದ್ದೆ ಹೆಬ್ಬೆರಳಲ್ಲಿ ಇಳಿಸೋಕೆ ಹೋಗೋದೇ ಅಲ್ಲಿ ದೊಡ್ಡ ಅಪಾಯ. ಮೊದ್ಲು ಓಪನ್ ಮಾಡಿ ತೋಟಾ ತೆಗೀಬೇಕು, ಆಮೇಲೆ ಹ್ಯಾಮರ್ ಇಳಿಸ್ಬೇಕು, ಈ ಕ್ರಮ ಕೈಗೆ ಕೂರಿಸೋಕೆ ಈಗಿನ ಡಮ್ಮಿ ಸಾಲ್ತಿಲ್ಲ, ಹೊರಗಿನ ಹ್ಯಾಮರ್ ಹೊಡೆತ ಜೋರು, ಹಿತ್ತಾಳೆ ಬಟನ್ ಬೇಗ ಗುಳಿ ಬೀಳ್ತಾ ಇದೆ. ಲೇತ್ ಹುಡುಗ ಫಾಸ್ಫರ್ ಬ್ರಾಂಜ್ ಹಾಕಿ ನೋಡೋಣ ಅಂದಿದಾನೆ, ಒಂದಕ್ಕೆ ನೂರು ರೂಪಾಯಿ ಜಾಸ್ತಿ ಆಗುತ್ತಂತೆ, ಆಗ್ಲಿ ಮಾಡು ಅಂದೆ, ಪುತ್ತರಿ ಒಳಗೆ ಕೈಗೆ ಬರುತ್ತೆ.