ಕಾಯಿಸುತ್ತ ತೂಗುವುದು: ಥರ್ಮೋಗ್ರಾವಿಮೆಟ್ರಿಯಲ್ಲಿ ನನ್ನ ಅನುಭವ

ಸುಣ್ಣದಕಲ್ಲಿನ ಪುಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಷ್ಟಿದೆ ಎಂದು ತಿಳಿಯಲು ನಾನು ಆರಿಸಿಕೊಂಡದ್ದು ಥರ್ಮೋಗ್ರಾವಿಮೆಟ್ರಿಯನ್ನು, ಅಂದರೆ ವಸ್ತುವನ್ನು ನಿಗದಿತ ವೇಗದಲ್ಲಿ ಕಾಯಿಸುತ್ತ ಅದರ ತೂಕವನ್ನು ಎಡೆಬಿಡದೆ ದಾಖಲಿಸುವ ವಿಧಾನವನ್ನು. ತಕ್ಕಡಿಯನ್ನೂ ಕುಲುಮೆಯನ್ನೂ ಜೋಡಿಸಿದ ಈ ಉಪಕರಣವನ್ನು ಜಪಾನಿನ ಕೋಟಾರೋ ಹೋಂಡಾ 1915ರಲ್ಲಿಯೇ ಥರ್ಮೋಬ್ಯಾಲೆನ್ಸ್ ಎಂದು ಕರೆದಿದ್ದರು.

ಮಾದರಿಯನ್ನು ಮುಟ್ಟುವ ಮೊದಲು ಖಾಲಿ ಅಲ್ಯುಮಿನಾ ಮೂಸೆಯನ್ನು ನಿಮಿಷಕ್ಕೆ 10 ಡಿಗ್ರಿ ಸೆಲ್ಸಿಯಸ್‌ನಂತೆ, ನೈಟ್ರೋಜನ್ ಹರಿವಿನಲ್ಲಿ ಕಾಯಿಸಿದೆ. ಹೊಸಬರಿಗೆ ಇದು ಕಾಲಹರಣವೆನಿಸಬಹುದು. ನನ್ನ ಮಟ್ಟಿಗೆ ಇಡೀ ಅಳತೆ ನಿಂತಿರುವುದೇ ಇದರ ಮೇಲೆ. ಕಾದ ಅನಿಲ ಹಗುರಾಗುವುದರಿಂದ ಅದರ ತೇಲುಬಲ ಕುಗ್ಗಿ, ಮೂಸೆಗೆ ಏನೂ ಸೇರದಿದ್ದರೂ ತೂಕ ಏರಿದಂತೆ ತೋರುತ್ತದೆ. 25 ಡಿಗ್ರಿಯಲ್ಲಿ ಮಿಲಿಲೀಟರಿಗೆ ಸುಮಾರು 1.15 ಮಿಲಿಗ್ರಾಂ ಇರುವ ನೈಟ್ರೋಜನ್ನಿನ ಸಾಂದ್ರತೆ 800 ಡಿಗ್ರಿಯಲ್ಲಿ 0.32ಕ್ಕೆ ಇಳಿಯುತ್ತದೆ. ಹಾಗಾಗಿ ಬಿಸಿಯಾದ ಭಾಗಗಳು ಕೇವಲ 0.1 ಮಿಲಿಲೀಟರ್ ಜಾಗ ಹಿಡಿದಿದ್ದರೂ 10 ಮಿಲಿಗ್ರಾಂ ಮಾದರಿಯಲ್ಲಿ ಶೇಕಡಾ 0.8ರಷ್ಟು ಹುಸಿ ಏರಿಕೆ ಕಾಣುತ್ತದೆ. ಈ ಖಾಲಿ ಮೂಸೆಯ ರೇಖೆಯನ್ನು ಮುಂದಿನ ಪ್ರತಿಯೊಂದು ರೇಖೆಯಿಂದಲೂ ಕಳೆದೆ.

ನಂತರ ಉಪಕರಣವನ್ನು ಪರೀಕ್ಷಿಸಲು ಕ್ಯಾಲ್ಸಿಯಂ ಆಕ್ಸಲೇಟ್ ಮೊನೊಹೈಡ್ರೇಟನ್ನು ಕಾಯಿಸಿದೆ. ಇದು ಮೂರು ಮೆಟ್ಟಿಲುಗಳಲ್ಲಿ ತೂಕ ಕಳೆದುಕೊಳ್ಳುತ್ತದೆ: 200 ಡಿಗ್ರಿಯ ಆಸುಪಾಸಿನೊಳಗೆ ಶೇಕಡಾ 12.3 ನೀರು, 500ರ ಸುತ್ತ ಶೇಕಡಾ 19.2 ಕಾರ್ಬನ್ ಮಾನಾಕ್ಸೈಡ್, 600ರಿಂದ 800ರ ನಡುವೆ ಶೇಕಡಾ 30.1 ಕಾರ್ಬನ್ ಡೈಆಕ್ಸೈಡ್. ಹೋಲಿಸಿ ನೋಡಬೇಕಾದದ್ದು ಮೆಟ್ಟಿಲಿನ ಎತ್ತರವನ್ನೇ ಹೊರತು ಅದು ಆರಂಭವಾಗುವ ಉಷ್ಣತೆಯನ್ನಲ್ಲ. ಉಷ್ಣತೆಯು ಕಾಯಿಸುವ ವೇಗ, ಮಾದರಿಯ ಪ್ರಮಾಣ, ಅನಿಲದ ಹರಿವು ಇವೆಲ್ಲಕ್ಕೂ ತಕ್ಕಂತೆ ಜರುಗುತ್ತದೆ. ಉಷ್ಣತೆಯ ಮಾಪನಾಂಕ ನಿರ್ಣಯಕ್ಕೆ ನಾನು ನಿಕಲ್ ತುಣುಕೊಂದನ್ನು ಕಾಂತಕ್ಷೇತ್ರದಲ್ಲಿಟ್ಟು, ಸುಮಾರು 355 ಡಿಗ್ರಿಯಲ್ಲಿ ಅದು ತನ್ನ ಕಾಂತತ್ವ ಕಳೆದುಕೊಳ್ಳುವಾಗ ತೂಕದಲ್ಲಿ ಕಾಣುವ ಹಠಾತ್ ಬದಲಾವಣೆಯನ್ನು ಬಳಸಿದೆ.

ಸುಣ್ಣದಕಲ್ಲಿನ ಪುಡಿಯನ್ನು ನುಣ್ಣಗೆ ಅರೆದು, ಒಣಗಿಸಿ, ಮೂಸೆಯ ತಳದಲ್ಲಿ ತೆಳುವಾಗಿ ಹರಡಿದೆ. ರಾಶಿ ದಪ್ಪವಾದರೆ ಕಾರ್ಬೊನೇಟ್ ಒಡೆದು ಹೊರಬಂದ ಕಾರ್ಬನ್ ಡೈಆಕ್ಸೈಡ್ ಒಳಗೇ ಸಿಲುಕಿ ವಿಘಟನೆಯನ್ನು ತಡೆಯುತ್ತದೆ. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಶೇಕಡಾ 44ರಷ್ಟು ತೂಕ ಕಳೆದುಕೊಳ್ಳುವುದರಿಂದ, ಕೊನೆಯ ಮೆಟ್ಟಿಲಿನ ನಷ್ಟ ಶೇಕಡಾ 39.6 ಆಗಿದ್ದರೆ ಕಾರ್ಬೊನೇಟ್ ಶೇಕಡಾ 90 ಎಂದು ಲೆಕ್ಕ ಸಿಗುತ್ತದೆ. ಆದರೆ ಕಲ್ಲಿನಲ್ಲಿ ಡಾಲಮೈಟ್, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಎರಡರ ಕಾರ್ಬೊನೇಟೂ ಇರುವ ಖನಿಜ, ಬೆರೆತಿದ್ದರೆ ಈ ಲೆಕ್ಕ ದಾರಿ ತಪ್ಪಿಸುತ್ತದೆ, ಏಕೆಂದರೆ ಅದರ ನಷ್ಟ ಶೇಕಡಾ 47.7. ನೈಟ್ರೋಜನ್ನಿನಲ್ಲಿ ಎರಡರ ಮೆಟ್ಟಿಲುಗಳೂ ಒಂದರೊಳಗೊಂದು ಬೆರೆಯುವುದರಿಂದ, ಅನುಮಾನವಿದ್ದಾಗ ನಾನು ಕಾರ್ಬನ್ ಡೈಆಕ್ಸೈಡ್ ಹರಿವಿನಲ್ಲಿ ಮತ್ತೆ ಕಾಯಿಸುತ್ತೇನೆ. ಆಗ ಕ್ಯಾಲ್ಸಿಯಂ ಕಾರ್ಬೊನೇಟಿನ ವಿಘಟನೆ 900 ಡಿಗ್ರಿಯಾಚೆಗೆ ಸರಿದು, ಮೆಗ್ನೀಷಿಯಂ ಭಾಗದ ನಷ್ಟ ಅದಕ್ಕೂ ಮೊದಲೇ ಪ್ರತ್ಯೇಕವಾಗಿ ಕಾಣಿಸಿಕೊಳ್ಳುತ್ತದೆ.